ಪರದೇಶದ ಟಪಾಲಿನಲ್ಲಿ ಬರುವ ಬೀಜ

ಬೀಜದ ವಿಷಯದಲ್ಲಿ ನಮ್ಮ ಒಕ್ಕಲು ಮನೆತನಗಳಲ್ಲಿ ಒಂದು ಶಿಸ್ತಿತ್ತು. ಯಾರ ಮನೆಯದು, ಯಾವ ಹೊಲದ್ದು, ಎಷ್ಟು ವರ್ಷದ್ದು ಎಂದು ವಿಚಾರಿಸದೆ ಯಾರೂ ಬೀಜವನ್ನು ಕೂರಿಗೆಗೆ ಹಾಕುತ್ತಿರಲಿಲ್ಲ. ತಾಯಂದಿರು ಬೂದಿ ಬೆರೆಸಿ, ಮಡಕೆಯಲ್ಲಿ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಕಾಯ್ದಿಡುತ್ತಿದ್ದರು. ಈಗ ಬೀಜವು ಸಮುದ್ರದಾಚೆಯಿಂದ ಲಕೋಟೆಯಲ್ಲಿ ಬರುತ್ತದೆ; ತರಿಸಿದವನಿಗೆ ಕೊಟ್ಟವನ ಮುಖ ಗೊತ್ತಿಲ್ಲ, ಕೊಟ್ಟವನಿಗೆ ತರಿಸಿದವನ ಊರು ಗೊತ್ತಿಲ್ಲ. ಹೂವಿನ ಬೀಜ, ತರಕಾರಿ ಬೀಜಗಳ ಮಾತಾಗಿದ್ದರೆ ನಾವು ಲೇಖನಿ ಹಿಡಿಯುತ್ತಿರಲಿಲ್ಲ. ಈಚೆಗೆ ಮೂರು ಕುಟುಂಬಗಳವರು ಬೇರೆ ಬೇರೆ ಸಮಯದಲ್ಲಿ ನಮ್ಮಲ್ಲಿಗೆ ಬಂದು ಒಂದೇ ಸಂಗತಿಯನ್ನು ತಗ್ಗಿದ ದನಿಯಲ್ಲಿ ಕೇಳಿದರು. ಮನೆಯ ಮಗ ಪರದೇಶದಿಂದ ಗಾಂಜಾ ಬೀಜ ತರಿಸಿದ್ದಾನೆ ಅಥವಾ ತರಿಸಲಿದ್ದಾನೆ. ಅದು ಅಪರಾಧವಲ್ಲವಂತೆ, ಬೀಜಕ್ಕೆ ಕಾನೂನಿನಲ್ಲಿ ವಿನಾಯಿತಿ ಇದೆಯಂತೆ, ನಿಜವೇ?

ನಾವು ವಕೀಲರಲ್ಲ. ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ತರ್ಕವನ್ನೂ ಓದಿದವರು. ಆದರೆ ಯಾವುದೇ ವಸ್ತುವಿನ ಲಕ್ಷಣವಾಕ್ಯವನ್ನು ಹೇಗೆ ಓದಬೇಕು, ಅದರಲ್ಲಿ ಅವ್ಯಾಪ್ತಿ ಅತಿವ್ಯಾಪ್ತಿಗಳು ಎಲ್ಲಿ ಅಡಗಿರುತ್ತವೆ ಎಂಬುದನ್ನು ನಮ್ಮ ಗುರುಗಳು ಕಿವಿ ಹಿಂಡಿ ಕಲಿಸಿದ್ದಾರೆ. ಆ ಕಣ್ಣಿನಿಂದಲೇ 1985ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ಪದಾರ್ಥಗಳ ಕಾಯ್ದೆಯನ್ನು, ಅಂದರೆ ಎನ್.ಡಿ.ಪಿ.ಎಸ್. ಕಾಯ್ದೆಯನ್ನು, ಓದಿದೆವು. ಅದರ 2ನೆಯ ಕಲಮಿನಲ್ಲಿ ಗಾಂಜಾ ಎಂದರೆ ಆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿಗಳು ಎಂದು ಹೇಳಿದೆ. ತುದಿಗಳ ಜೊತೆಯಲ್ಲಿ ಇರದ ಬೀಜವನ್ನೂ ಎಲೆಯನ್ನೂ ಆ ಲಕ್ಷಣದಿಂದ ಹೊರಗಿರಿಸಿದೆ. ಹುಡುಗರು ಹೇಳಿದ ಮಾತು ಸುಳ್ಳಲ್ಲ. ಬರಿಯ ಬೀಜ ಗಾಂಜಾ ಅಲ್ಲ. 2022ರಲ್ಲಿ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವು ಒಂದು ಜಾಮೀನು ಅರ್ಜಿಯನ್ನು ತೀರ್ಮಾನಿಸುವಾಗ ಎಲೆಯಿಂದ ಮಾಡುವ ಭಂಗಿಯು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಕಂಡದ್ದೂ ಇದೇ ಲಕ್ಷಣದ ಆಧಾರದಿಂದ.

ಆದರೆ ವಾಕ್ಯದ ಅರ್ಧವನ್ನು ಓದಿ ಎದ್ದುಹೋಗುವ ವಿದ್ಯಾರ್ಥಿಯನ್ನು ಯಾವ ಗುರುವೂ ಮೆಚ್ಚುವುದಿಲ್ಲ. ಅದೇ ಕಾಯ್ದೆಯ 8ನೆಯ ಕಲಮು ಗಾಂಜಾ ಗಿಡವನ್ನು ಬೆಳೆಯುವುದನ್ನು ನಿಷೇಧಿಸಿದೆ. 20ನೆಯ ಕಲಮಿನಂತೆ ಬೆಳೆದವನಿಗೆ 10 ವರ್ಷಗಳವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿಗಳವರೆಗೆ ದಂಡ. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಗಾಂಜಾ ಇಟ್ಟುಕೊಂಡವನಿಗೆ ತೂಕದ ಲೆಕ್ಕವಿದೆ: 1 ಕಿಲೋ ವರೆಗೆ ಅಲ್ಪ ಪ್ರಮಾಣ, ಅದಕ್ಕೆ ಹೆಚ್ಚೆಂದರೆ 1 ವರ್ಷದ ಸಜೆ, 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ, ಅದಕ್ಕೆ ಕಡಿಮೆಯೆಂದರೂ 10 ವರ್ಷ. ಬೆಳೆದವನಿಗೆ ಈ ಮೆಟ್ಟಿಲುಗಳಿಲ್ಲ. ಮಹಡಿಯ ಮೇಲಿನ ಕುಂಡದಲ್ಲಿ ಒಂದು ಗಿಡವಿದ್ದರೂ ಅದು ಕೃಷಿಯೇ. ಹೀಗಾಗಿ, ಬೀಜವು ಲಕೋಟೆಯಲ್ಲಿ ಇರುವವರೆಗೆ ಒಂದು ನ್ಯಾಯ, ಮಣ್ಣಿಗೆ ಬಿದ್ದು ಮೊಳೆತ ದಿನದಿಂದ ಇನ್ನೊಂದು ನ್ಯಾಯ. ಪರದೇಶದಿಂದ ಹಣ ತೆತ್ತು ತಳಿಯನ್ನು ಆರಿಸಿ ತರಿಸಿದವನು ಅದನ್ನು ಬಿತ್ತುವುದಕ್ಕಲ್ಲ, ನೋಡಿ ಸಂತೋಷಪಡುವುದಕ್ಕೆ ತರಿಸಿದೆ ಎಂದರೆ ಯಾರು ನಂಬುತ್ತಾರೆ? ಅಪರಾಧದ ಪ್ರಯತ್ನವನ್ನು ಈ ಕಾಯ್ದೆ ಅಪರಾಧದಂತೆಯೇ ಶಿಕ್ಷಿಸುತ್ತದೆ. ಮೊಕದ್ದಮೆ ನಡೆದಾಗ ದುರುದ್ದೇಶ ಇತ್ತೆಂದೇ ನ್ಯಾಯಾಲಯ ಮೊದಲು ಭಾವಿಸಬೇಕೆಂದೂ, ಇರಲಿಲ್ಲವೆಂದು ಸಂದೇಹಕ್ಕೆ ಎಡೆಯಿಲ್ಲದಂತೆ ತೋರಿಸುವ ಹೊಣೆ ಆರೋಪಿಯದೆಂದೂ 35ನೆಯ ಕಲಮು ಹೇಳುತ್ತದೆ. ಸಾಮಾನ್ಯ ಕಳ್ಳತನದ ಆರೋಪಿಗೂ ಇಷ್ಟು ಭಾರವಿಲ್ಲ.

ಮನೆಯ ಹಿರಿಯರು ಇನ್ನೆರಡು ಕಲಮುಗಳನ್ನು ತಿಳಿದಿರಬೇಕು. ಗೊತ್ತಿದ್ದೂ ತನ್ನ ಮನೆಯನ್ನಾಗಲಿ ಜಾಗವನ್ನಾಗಲಿ ಇಂಥ ಕೆಲಸಕ್ಕೆ ಬಿಟ್ಟುಕೊಟ್ಟ ಮಾಲೀಕನಿಗೂ ಅದೇ ಶಿಕ್ಷೆಯೆಂದು 25ನೆಯ ಕಲಮು. ತನ್ನ ಜಮೀನಿನಲ್ಲಿ ಈ ಗಿಡ ಕಾನೂನುಬಾಹಿರವಾಗಿ ಬೆಳೆದಿದ್ದರೆ ಹಿಡುವಳಿದಾರನು ಕೂಡಲೇ ಅಧಿಕಾರಿಗಳಿಗೆ ತಿಳಿಸಬೇಕು, ಗೊತ್ತಿದ್ದೂ ತಿಳಿಸದಿದ್ದರೆ ಶಿಕ್ಷಾರ್ಹನೆಂದು 46ನೆಯ ಕಲಮು. ಬಿತ್ತಿದವನು ಮಗ, ಪಹಣಿಯಲ್ಲಿ ಇರುವುದು ತಂದೆಯ ಹೆಸರು. ಪೊಲೀಸರು ಮೊದಲು ಹುಡುಕುವುದು ಪಹಣಿಯನ್ನು.

ಉತ್ತರಾಖಂಡದಲ್ಲಿ ಸರಕಾರವೇ ಬೆಳೆಯಲು ಅಪ್ಪಣೆ ಕೊಟ್ಟಿಲ್ಲವೇ ಎಂದು ಒಬ್ಬ ತರುಣ ನಮ್ಮನ್ನು ಕೇಳಿದ. ಕೊಟ್ಟದ್ದು ನಿಜ, 2018ರಲ್ಲಿ. ನಾರು ಮತ್ತು ಬೀಜಕ್ಕಾಗಿ ಬೆಳೆಯಲು ಅವಕಾಶ ಕೊಡಬಹುದೆಂದು ಕಾಯ್ದೆಯ 14ನೆಯ ಕಲಮಿನಲ್ಲಿಯೇ ಇದೆ. ಆದರೆ ಅಲ್ಲಿ ಬೆಳೆಯುವುದು ಮತ್ತೇರಿಸುವ ಅಂಶ ಶೇ. 0.3ಕ್ಕೆ ಮೀರದ ತಳಿ, ಅದೂ ಪರವಾನಗಿ ಪಡೆದವನು, ಅಧಿಕಾರಿಗಳ ಕಣ್ಣೆದುರಿನಲ್ಲಿ. ಪರದೇಶದ ಬೀಜದಂಗಡಿಗಳು ಮಾರುವುದು ಹೆಚ್ಚು ಮತ್ತೇರಿಸುತ್ತದೆಂದು ಹೊಗಳಿಕೊಳ್ಳುವ ತಳಿಗಳನ್ನು. ಆ ರಾಜ್ಯದ ಅಪ್ಪಣೆಯನ್ನು ಧಾರವಾಡದ ಹೊಲದಲ್ಲಿ ತೋರಿಸಿದರೆ ಅದು ಕಾಗದದ ಚೂರು ಮಾತ್ರ.

ಇನ್ನು ಗಡಿಯ ಮಾತು. ಎನ್.ಡಿ.ಪಿ.ಎಸ್. ಕಾಯ್ದೆ ಬೀಜವನ್ನು ಬಿಟ್ಟರೂ ಸುಂಕದ ಕಟ್ಟೆ ಬಿಡುವುದಿಲ್ಲ. ಇದನ್ನು ಆ ಹುಡುಗರಾರೂ ಓದಿರಲಿಲ್ಲ. ಬಿತ್ತುವ ಬೀಜ ಯಾವುದೇ ಇರಲಿ, ಟೊಮ್ಯಾಟೊ ಇದ್ದರೂ ಸರಿ, ಅದನ್ನು ದೇಶದೊಳಗೆ ತರಲು 2003ರ ಸಸ್ಯ ಸಂಗರೋಧ ಆದೇಶ ಅನ್ವಯಿಸುತ್ತದೆ. ಮುಂಚಿತವಾಗಿ ಆಮದು ಪರವಾನಗಿ ಬೇಕು. ಕಳಿಸುವ ದೇಶದ ಸರಕಾರಿ ಇಲಾಖೆಯು ಬೀಜದಲ್ಲಿ ರೋಗವಿಲ್ಲ, ಕೀಟವಿಲ್ಲ ಎಂದು ಕೊಟ್ಟ ಪ್ರಮಾಣಪತ್ರ ಬೇಕು. ಇವಿಲ್ಲದೆ ಬಂದ ಬೀಜವನ್ನು ಹಿಂದಕ್ಕೆ ಕಳಿಸುತ್ತಾರೆ ಅಥವಾ ನಾಶಮಾಡುತ್ತಾರೆ. ಇದು ಕಚೇರಿಯ ಕಿರುಕುಳವೆಂದು ತಿಳಿಯಬಾರದು. 1950ರ ದಶಕದಲ್ಲಿ ಅಮೆರಿಕದ ಗೋಧಿಯ ಜೊತೆ ಬಂದಿತೆಂದು ಹೇಳುವ ಒಂದು ಕಳೆ ಮೊದಲು ಪುಣೆಯಲ್ಲಿ ಕಾಣಿಸಿಕೊಂಡಿತು. ಅದನ್ನೇ ನಮ್ಮ ರೈತರು ಕಾಂಗ್ರೆಸ್ ಕಸವೆಂದು ಕರೆಯುತ್ತಾರೆ. ಅದು ತುಂಬಿಕೊಳ್ಳದ ಹೊಲದ ಬದು ನಮ್ಮ ಸೀಮೆಯಲ್ಲಿ ಉಳಿದಿದೆಯೇ? ಅದರ ತುರಿಕೆಯನ್ನೂ ದಮ್ಮನ್ನೂ ಅನುಭವಿಸದ ಊರಿದೆಯೇ? 2020ರ ಆಗಸ್ಟ್ ತಿಂಗಳಿನಲ್ಲಿ, ಯಾರೂ ಬೇಡದಿದ್ದರೂ ಪರದೇಶದಿಂದ ಅನಾಮಿಕ ಬೀಜದ ಪೊಟ್ಟಣಗಳು ಹಲವು ದೇಶಗಳ ಮನೆಗಳಿಗೆ ಬರುತ್ತಿದ್ದಾಗ, ನಮ್ಮ ಕೇಂದ್ರ ಕೃಷಿ ಇಲಾಖೆಯೂ ರಾಜ್ಯಗಳಿಗೆ ಎಚ್ಚರಿಕೆ ಕೊಟ್ಟಿತ್ತು.

ಹೊರದೇಶದ ಟಪಾಲು ನೇರವಾಗಿ ನಮ್ಮ ಊರಿನ ಅಂಚೆಯಣ್ಣನ ಚೀಲಕ್ಕೆ ಬೀಳುವುದಿಲ್ಲ. ಮೊದಲು ವಿದೇಶಿ ಅಂಚೆ ಕಚೇರಿಯಲ್ಲಿ ಕಸ್ಟಮ್ಸ್ ಅಧಿಕಾರಿಗಳ ಮುಂದೆ ಹಾಯ್ದು ಬರುತ್ತದೆ. ನಿಷೇಧವನ್ನು ಮೀರಿ ಬಂದ ವಸ್ತುವನ್ನು 1962ರ ಕಸ್ಟಮ್ಸ್ ಕಾಯ್ದೆಯ 111ನೆಯ ಕಲಮಿನಂತೆ ಜಪ್ತಿ ಮಾಡಬಹುದು. 112ರಂತೆ ದಂಡ: ವಸ್ತುವಿನ ಬೆಲೆ ಅಥವಾ 5,000 ರೂಪಾಯಿ, ಯಾವುದು ಹೆಚ್ಚೋ ಅಲ್ಲಿಯವರೆಗೆ. ಇಷ್ಟೇ ತಾನೇ ಎಂದು ನಗುವವರಿದ್ದಾರೆ. ದಂಡ ಸಣ್ಣದು, ಆದರೆ ಆ ಕಡತದಲ್ಲಿ ಹುಡುಗನ ಹೆಸರು, ವಿಳಾಸ, ಹಣ ಸಂದಾಯದ ವಿವರ ಎಲ್ಲವೂ ಸೇರುತ್ತವೆ. ಅಲ್ಲಿಂದ ಅದು ಇನ್ನೊಂದು ಇಲಾಖೆಯ ಮೇಜಿಗೆ ಹೋಗಲು ಹೆಚ್ಚು ದಿನ ಬೇಕಿಲ್ಲ. ಮಾರುವವರ ಚಾತುರ್ಯ ಬೇರೆ. ಬೀಜವನ್ನು ಆಟಿಕೆಯ ಹೊಟ್ಟೆಯಲ್ಲಿಯೋ ಅಂಗಿಯ ಮಡಿಕೆಯಲ್ಲಿಯೋ ಅಡಗಿಸಿ, ಮೇಲೆ ನೆನಪಿನ ಕಾಣಿಕೆಯೆಂದು ಬರೆದು ಕಳಿಸುತ್ತಾರೆ. ನಿಮ್ಮ ದೇಶದ ಕಾನೂನಿಗೆ ನೀವೇ ಹೊಣೆಯೆಂದು ಸಣ್ಣಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ತರಿಸಿದವನ ಬಳಿ ನಿರಪರಾಧಿತ್ವದ ಒಂದು ಎಳೆ ಉಳಿದಿದ್ದರೆ ಆ ಅಡಗಿಸುವಿಕೆ ಅದನ್ನೂ ಕಡಿದುಹಾಕುತ್ತದೆ. ಸರಿಯೆಂದು ನಂಬಿ ತರಿಸಿದ್ದನ್ನು ಗೊಂಬೆಯ ಹೊಟ್ಟೆಯಲ್ಲಿ ಏಕೆ ತರಿಸಿದೆ ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಮೇಲೆ ಹೇಳಿದ ಮೂರು ಕುಟುಂಬಗಳಲ್ಲಿ ಒಂದರ ಸಂಗತಿ ನಮ್ಮ ಮನಸ್ಸಿನಿಂದ ಹೋಗಿಲ್ಲ. ತಂದೆ ನಿವೃತ್ತ ಶಾಲಾ ಮಾಸ್ತರರು, ಬಹುಕಾಲದ ಭಕ್ತರು. ತಾಯಿಗೆ ಕ್ಯಾನ್ಸರ್ ಎಲುಬಿಗೆ ಇಳಿದಿತ್ತು. ರಾತ್ರಿಯೆಲ್ಲ ಆ ತಾಯಿ ಗೋಡೆಗೆ ಒರಗಿ ಕೂಡುವರು; ಮಲಗಿದರೆ ನೋವು. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ಮಗ, ಗಾಂಜಾ ಎಣ್ಣೆ ಈ ನೋವನ್ನು ತಗ್ಗಿಸುತ್ತದೆಂದು ಎಲ್ಲಿಯೋ ಓದಿ, ಯೂರೋಪಿನ ಒಂದು ಅಂಗಡಿಯಿಂದ 10 ಬೀಜ ತರಿಸಿದ. ಪೊಟ್ಟಣ ಮನೆಗೆ ಬರಲಿಲ್ಲ. ವಿವರಣೆ ಕೇಳಿದ ಕಾಗದ ಬಂತು. ಯಾರೋ ನನ್ನ ಹೆಸರಿನಲ್ಲಿ ತರಿಸಿರಬೇಕು ಎಂದು ಉತ್ತರ ಬರೆಯಲು ಗೆಳೆಯರು ಹುಡುಗನಿಗೆ ಹೇಳಿಕೊಟ್ಟಿದ್ದರು. ಮಾಸ್ತರರು ಆ ಕರಡನ್ನು ಜೇಬಿನಲ್ಲಿಟ್ಟುಕೊಂಡು ನಮ್ಮಲ್ಲಿಗೆ ಬಂದರು. ಅದನ್ನು ಕಳಿಸಬೇಡಿ ಎಂದೆವು. ಹಣ ಸಂದಾಯದ ಗುರುತು ಬ್ಯಾಂಕಿನಲ್ಲಿ ಕುಳಿತಿರುವಾಗ ಸುಳ್ಳು ಎರಡು ದಿನವೂ ಬಾಳುವುದಿಲ್ಲ, ಸುಳ್ಳು ಹೇಳಿಕೆಯು ತಾನೇ ಇನ್ನೊಂದು ಅಪರಾಧ. ಪರಿಚಿತ ವಕೀಲರೊಬ್ಬರಲ್ಲಿಗೆ ಕಳಿಸಿದೆವು. ಬೀಜ ಜಪ್ತಿಯಾಗಿ, ದಂಡ ಕಟ್ಟಿಸಿಕೊಂಡು ಕಡತ ಮುಗಿಯಲು ಎಂಟು ತಿಂಗಳು ಹಿಡಿಯಿತು.

ಆ ಎಂಟು ತಿಂಗಳಲ್ಲಿ ನಮಗೆ ಸಂಕಟ ತಂದದ್ದು ದಂಡವಲ್ಲ. ಬೀಜದಲ್ಲಿ ಔಷಧದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಅದು ಇರುವುದು ಹೆಣ್ಣು ಗಿಡದ ಹೂವಿನ ಅಂಟಿನಲ್ಲಿ. ಬೀಜ ಬಂದು, ಮೊಳೆತು, ಹೂ ಬಿಡಲು ತಿಂಗಳುಗಳು ಬೇಕಿದ್ದವು. ಆ ತಾಯಿಗೆ ಬೇಕಾದದ್ದು ಅಂದಿನ ರಾತ್ರಿಯ ನಿದ್ರೆ. ಅದು ಕಾನೂನಿನ ಒಳಗೇ ಇತ್ತು. ಮಾರ್ಫಿನ್ ಮಾತ್ರೆಯು ಇದೇ ಎನ್.ಡಿ.ಪಿ.ಎಸ್. ಕಾಯ್ದೆಯ ಹಿಡಿತದಲ್ಲಿರುವ ಔಷಧ. ನೋವಿನ ರೋಗಿಗಳಿಗೆ ಅದು ಸಿಗುವುದು ಸುಲಭವಾಗಲೆಂದೇ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಂಡು ಕೊಡುವ ವ್ಯವಸ್ಥೆ ಮಾಡಿದ್ದಾರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಉಪಶಾಮಕ ಚಿಕಿತ್ಸೆಯ ವಿಭಾಗವೇ ಇದೆ. ಮಾಸ್ತರರ ಮನೆಗೆ ಈ ಮಾತನ್ನು ಹೇಳಿದವರು ವಕೀಲರ ಹೆಂಡತಿ, ಸ್ವತಃ ದಾದಿಯಾಗಿದ್ದವರು. ಮಾತ್ರೆ ಬಂದ ಮೇಲೆ ತಾಯಿ ಎರಡು ತಿಂಗಳು ಮಲಗಿ ನಿದ್ರಿಸಿದರು. ಕಡತ ಮುಗಿಯುವ ಮೊದಲೇ ಲಿಂಗೈಕ್ಯರಾದರು. ಮಗನನ್ನು ಕೆಟ್ಟವನೆಂದು ನಾವು ಎಂದೂ ಅನ್ನುವುದಿಲ್ಲ. ಆಯುರ್ವೇದದವರು ವಿಜಯಾ ಎಂದು ಕರೆಯುವುದೂ ಇದೇ ಗಿಡವನ್ನು. ಅದರ ಔಷಧಿ ಬೇಕಾದವರು ವೈದ್ಯರ ಚೀಟಿಯ ಮೇಲೆ, ಪರವಾನಗಿ ಪಡೆದ ತಯಾರಕರದನ್ನೇ ಕೊಳ್ಳಬೇಕು.

ಹೆಸರಿನ ಗೊಂದಲವೂ ಸಣ್ಣದಲ್ಲ. ಇಂಗ್ಲಿಷಿನ ಹೆಂಪ್ ಎಂಬ ಮಾತು ಗಾಂಜಾ ಗಿಡಕ್ಕೂ ಸಲ್ಲುತ್ತದೆ, ನಮ್ಮ ಸೆಣಬಿಗೂ ಸಲ್ಲುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿಯೊಡನೆ ಉಣ್ಣುವ ಪುಂಡಿಪಲ್ಯದ ಗಿಡಕ್ಕೆ ಶಾಸ್ತ್ರೀಯ ನಾಮ ಹೈಬಿಸ್ಕಸ್ ಕ್ಯಾನಬಿನಸ್. ಎಲೆಯ ಆಕಾರ ಗಾಂಜಾದಂತೆ ಇರುವುದರಿಂದ ಆ ಹೆಸರು, ಗುಣದಿಂದಲ್ಲ. ಪುಂಡಿ ಬಿತ್ತುವ ತಾಯಂದಿರು ಅಂಜಬೇಕಿಲ್ಲ! 2021ರಿಂದ ಆಹಾರ ಸುರಕ್ಷತಾ ಪ್ರಾಧಿಕಾರವು ಹೆಂಪ್ ಬೀಜ, ಅದರ ಎಣ್ಣೆ, ಹಿಟ್ಟುಗಳನ್ನು ಮಿತಿಗೊಳಪಟ್ಟು ಆಹಾರವಾಗಿ ಮಾರಲು ಒಪ್ಪಿದೆ. ಅಂಗಡಿಯಲ್ಲಿ ಆಹಾರವೆಂದು ಕೊಂಡದ್ದಕ್ಕೂ ಬಿತ್ತಲೆಂದು ಗಡಿ ದಾಟಿಸಿದ್ದಕ್ಕೂ ಬಹಳ ಅಂತರ.

ಪರದೇಶಗಳಲ್ಲಿರುವ ನಮ್ಮ ಮಕ್ಕಳಿಗೂ ಒಂದು ಮಾತು. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರು ಮನೆಯಲ್ಲಿ ಮೂರು ಗಿಡಗಳವರೆಗೆ ಬೆಳೆಯಬಹುದು. ಕೆನಡಾ 2018ರಲ್ಲಿಯೇ ಬಿಗಿ ಸಡಿಲಿಸಿತು. ಆದರೆ ಅಪ್ಪಣೆಯಿಲ್ಲದೆ ಗಡಿ ದಾಟಿಸುವುದು ಅಲ್ಲಿಯೂ ಅಪರಾಧವೇ. ರಜೆಗೆ ಊರಿಗೆ ಬರುವಾಗ ಗೆಳೆಯನಿಗೆಂದು ಪೆಟ್ಟಿಗೆಯಲ್ಲಿ ನಾಲ್ಕು ಬೀಜ ಇಟ್ಟುಕೊಂಡು ಬಂದರೆ, ಅಲ್ಲಿಯ ಸ್ವಾತಂತ್ರ್ಯ ವಿಮಾನದ ಮೆಟ್ಟಿಲಿನಲ್ಲಿಯೇ ಉಳಿಯುತ್ತದೆ.

ಕೊನೆಯದಾಗಿ, ಏನನ್ನೂ ತರಿಸದವರಿಗೂ ತಟ್ಟುವ ಒಂದು ಸಂಗತಿ. ನಿಮ್ಮ ಹೆಸರಿನ ಪಾರ್ಸಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನಾವು ಕಸ್ಟಮ್ಸಿನವರು, ಪೊಲೀಸರು ಎಂದು ಫೋನು ಮಾಡಿ, ಮೊಬೈಲಿನ ಪರದೆಯ ಮುಂದೆಯೇ ಕೂರಿಸಿ, ಡಿಜಿಟಲ್ ಬಂಧನವೆಂದು ಹೆದರಿಸಿ, ಹಿರಿಯರ ಜೀವಮಾನದ ಉಳಿತಾಯವನ್ನು ದೋಚುವ ವಂಚಕರು ಹೆಚ್ಚಿದ್ದಾರೆ. 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳೇ ಆಕಾಶವಾಣಿಯ ಭಾಷಣದಲ್ಲಿ ಇದನ್ನು ಎತ್ತಿ ಹೇಳಿದ್ದರು. ಡಿಜಿಟಲ್ ಬಂಧನವೆಂಬುದು ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. ಯಾವ ಅಧಿಕಾರಿಯೂ ಫೋನಿನಲ್ಲಿ ಹಣ ಕೇಳುವುದಿಲ್ಲ. ಮಗ ಗುಟ್ಟಾಗಿ ಏನನ್ನೋ ತರಿಸಿದ್ದಾನೆಂಬ ಅಳುಕು ಇರುವ ಮನೆಯಲ್ಲಿ ಈ ಕರೆ ಇನ್ನೂ ಬೇಗ ನಾಟುತ್ತದೆ. ತಂದೆ ನಿಜವೆಂದು ನಂಬಿ ಹಣ ಕಳಿಸಿಬಿಡುತ್ತಾರೆ. ಅಂಥ ಕರೆ ಬಂದರೆ ಮಾತು ಬೆಳೆಸದೆ ಫೋನು ಇಟ್ಟು, 1930 ಸಂಖ್ಯೆಗೆ ಕರೆ ಮಾಡಿ ದೂರು ಬರೆಸಬೇಕು. ಹಣ ಹೋಗಿದ್ದರೆ ಆ ಗಳಿಗೆಯಲ್ಲಿಯೇ ಕರೆ ಮಾಡಬೇಕು. ಬೇಗ ತಿಳಿಸಿದಷ್ಟು ಅದನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು.