ಮಲ್ಲೇಶ್ವರಕ್ಕೆ ಹತ್ತಕ್ಕೆ ಹತ್ತು

ಬೆಂಗಳೂರಿನ ಹಳೆಯ ಬಡಾವಣೆಗಳ ಮಾತು ಬಂದರೆ ನನಗೆ ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ಯಾರೋ ಮನೆ ಹುಡುಕುತ್ತಿದ್ದಾರೆಂದು ಕಿವಿಗೆ ಬಿದ್ದರೆ ಸಾಕು, ಕೇಳದಿದ್ದರೂ ಸಲಹೆ ಕೊಡುತ್ತಿದ್ದೆ. ಆಫೀಸಿನಲ್ಲಿ 'ಏರಿಯಾ ಪಂಡಿತ' ಎಂಬ ಬಿರುದು ಬೇರೆ. ಆ ಪಾಂಡಿತ್ಯಕ್ಕೆ ದಂಡ ಕಟ್ಟಿದವರು ಮಾತ್ರ ನನ್ನ ಅಕ್ಕ, ಭಾವ.

ಭಾವ ತಿಪಟೂರಿನಲ್ಲಿ ಪಿಯು ಉಪನ್ಯಾಸಕರಾಗಿ ನಿವೃತ್ತರಾದವರು. ಮಗಳಿಗೆ ಇಲ್ಲಿ ಕೆಲಸ ಸಿಕ್ಕಿತು, ಅಕ್ಕನ ಮಂಡಿನೋವಿನ ಚಿಕಿತ್ಸೆಗೂ ಇಲ್ಲಿಗೇ ಬರಬೇಕು. ಊರಿನ ಮನೆ ಮಾರಲು ಮನಸ್ಸಿಲ್ಲ, ಇಲ್ಲಿ ಕೊಳ್ಳಲು ಶಕ್ತಿ ಸಾಲದು. ನಿವೃತ್ತಿಯಲ್ಲಿ ಬಂದ ಹಣದಲ್ಲಿ 25 ಲಕ್ಷ ಕೊಟ್ಟು ಒಂದು ಮನೆ ಭೋಗ್ಯಕ್ಕೆ ಹಾಕಿಕೊಳ್ಳುವುದು, ಬಾಡಿಗೆಯ ತಲೆನೋವಿಲ್ಲದೆ ಇದ್ದು, ಬಿಡುವಾಗ ಹಣ ವಾಪಸ್ ಪಡೆಯುವುದು ಎಂದು ತೀರ್ಮಾನವಾಯಿತು. "ಏರಿಯಾ ನೀನೇ ನೋಡಪ್ಪ, ನಮಗೇನು ಗೊತ್ತಾಗುತ್ತೆ" ಎಂದರು ಭಾವ.

ನಾನು ನೋಟ್‌ಬುಕ್ ತೆಗೆದೆ. ಮಲ್ಲೇಶ್ವರ, ಬಸವನಗುಡಿ, ಜಯನಗರ, ರಾಜಾಜಿನಗರ, ವಿಜಯನಗರ. ಒಂದೊಂದಕ್ಕೂ ಅಂಕ: ಮರ ಎಷ್ಟು, ತರಕಾರಿಗೆ ನಡೆದು ಹೋಗಬಹುದೇ, ಆಸ್ಪತ್ರೆ ಎಷ್ಟು ದೂರ, ಮೆಟ್ರೋ ಇದೆಯೇ, ಕಾವೇರಿ ನೀರು ಬರುತ್ತದೆಯೇ.

ಮಲ್ಲೇಶ್ವರಕ್ಕೆ ಎಲ್ಲದರಲ್ಲೂ ಹತ್ತಕ್ಕೆ ಹತ್ತು. ಅದಕ್ಕೆ ನನ್ನ ಬಳಿ ಚರಿತ್ರೆಯ ಆಧಾರವೂ ಇತ್ತು. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಜನ ಸಾಯತೊಡಗಿದಾಗ, ಗಾಳಿ ಬೆಳಕಿರುವ ಜಾಗ ಬೇಕೆಂದು ಬೆಳೆದ ಬಡಾವಣೆಗಳು ಮಲ್ಲೇಶ್ವರ ಮತ್ತು ಬಸವನಗುಡಿ. ನೇರ ರಸ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಕಾಲ್ನಡಿಗೆಯಲ್ಲೇ ದೇವಸ್ಥಾನ, ಶಾಲೆ, ಮಾರುಕಟ್ಟೆ. ವಾಹನವಿಲ್ಲದ ಕಾಲದ ಜನರ ಅಳತೆಗೆ ಕಟ್ಟಿದ್ದರಿಂದ ವಾಹನ ಓಡಿಸಲಾಗದ ವಯಸ್ಸಿನವರಿಗೆ ಇವತ್ತಿಗೂ ಅವು ಹೊಂದುತ್ತವೆ. ಇಷ್ಟನ್ನು ಈಗಲೂ ಹೇಳುತ್ತೇನೆ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಬ್ಲಾಕು, ಮೇನು, ಕ್ರಾಸು ಎಂದು ಅಚ್ಚುಕಟ್ಟು, ಪಾರ್ಕುಗಳಿಗೆ ಬರವಿಲ್ಲ. ಆದರೆ ಫೋರ್ತ್ ಬ್ಲಾಕಿನ ಸುತ್ತ ನಾವು ನೋಡಿದ್ದೆಲ್ಲ ಕೈಗೆ ಎಟುಕದ ದರ. ರಾಜಾಜಿನಗರ ಕಾರ್ಖಾನೆಯ ಕೆಲಸಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು, ಗಟ್ಟಿ ಜಾಗ, ಏಳು ಕೊಟ್ಟೆ. ವಿಜಯನಗರಕ್ಕೆ ನಾಲ್ಕು. ಮೂವತ್ತು ನಲವತ್ತರ ಸೈಟುಗಳು, ಮೂರಂತಸ್ತಿಗೆ ಮೂರಂತಸ್ತು ಅಂಟಿಕೊಂಡಿವೆ, ಪಕ್ಕದ ಮನೆಯ ಒಗ್ಗರಣೆ ಯಾವುದಕ್ಕೆ ಎಂದು ನಮ್ಮ ಅಡುಗೆಮನೆಯಲ್ಲಿ ನಿಂತು ಹೇಳಬಹುದು. ಅಲ್ಲಿ ಎರಡು ಮನೆ ನೋಡಿ ಮೂಗು ಮುರಿದು ಬಂದೆ.

ಅಂಕಪಟ್ಟಿಯಲ್ಲಿ ಬರೆಯದ ಒಂದು ಸಂಗತಿಯೆಂದರೆ, ನಾನು ಓದಿದ್ದು ಮಲ್ಲೇಶ್ವರದಲ್ಲಿ. ಎಂಟನೇ ಕ್ರಾಸಿನ ಹೂವಿನ ಅಂಗಡಿಗಳ ಮುಂದೆ, ಸಿಟಿಆರ್‌ನ ಬೆಣ್ಣೆ ಮಸಾಲೆಗೆ ಕಾದು ನಿಂತ ಜಾಗದಲ್ಲಿ ನನ್ನ ಇಪ್ಪತ್ತರ ವಯಸ್ಸು ಕಳೆದಿದೆ. ಹತ್ತು ಅಂಕ ಬಿದ್ದದ್ದು ಆ ವಯಸ್ಸಿಗೆ. ಇರಬೇಕಾದವರು ಅರವತ್ತು ದಾಟಿದ ಇಬ್ಬರು.

ಸಿಕ್ಕ ಮನೆಯೂ ಹಾಗೇ ಇತ್ತು: ಮಂಕಿ ಟಾಪ್ ಕಿಟಕಿಗಳು, ತಣ್ಣಗಿನ ರೆಡ್ ಆಕ್ಸೈಡ್ ನೆಲ, ಅಂಗಳದಲ್ಲಿ ಸಂಪಿಗೆ ಮರ. ಕೆಳಗಡೆ ಮಾಲೀಕರ ಸಾಮಾನು ತುಂಬಿ ಬೀಗ ಹಾಕಿತ್ತು, ಭೋಗ್ಯಕ್ಕಿದ್ದದ್ದು ಮೇಲಿನ ಮನೆ. ಮೆಟ್ಟಿಲುಗಳು ಕಡಿದು, ಒಂದೊಂದೂ ಮುಕ್ಕಾಲು ಅಡಿ ಎತ್ತರ. ಮಂಡಿನೋವಿನ ಅಕ್ಕ ಮೊದಲ ದಿನವೇ ಕಂಬಿ ಹಿಡಿದು ನಿಂತು "ದಿನಾ ಹತ್ತಬೇಕೇನೋ ಇದನ್ನ?" ಎಂದಳು. "ಅಭ್ಯಾಸ ಆಗುತ್ತೆ ಬಿಡಕ್ಕ, ಗಾಳಿ ನೋಡು ಹೇಗೆ ಬರುತ್ತೆ" ಎಂದೆ. ಗಾಳಿ ಬರುತ್ತಿತ್ತು, ಸುಳ್ಳಲ್ಲ.

ಕರಾರು ಪತ್ರದ ವಿಷಯಕ್ಕೆ ಬಂದಾಗ ಭಾವ, ನೋಂದಣಿ ಮಾಡಿಸೋಣವೇ ಎಂದು ಕೇಳಿದ್ದರು. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಅದನ್ನು ತಪ್ಪಿಸಿಕೊಳ್ಳಲೆಂದೇ ಊರೆಲ್ಲ ಹನ್ನೊಂದು ತಿಂಗಳ ಛಾಪಾ ಕಾಗದ ಬರೆದುಕೊಳ್ಳುತ್ತದೆ. "ಹಳೇ ಮಲ್ಲೇಶ್ವರದ ಮನೆತನ ಭಾವ, ಅದೆಲ್ಲ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ" ಎಂದು ತಡೆದವನು ನಾನೇ. ಆ ಮನೆ ಯಾರ ಹೆಸರಿನಲ್ಲಿದೆ, ಎಷ್ಟು ಜನ ಹಕ್ಕುದಾರರು ಎಂದು ವಿಚಾರಿಸಿ ನೋಡುವಷ್ಟು ಬುದ್ಧಿಯನ್ನೂ ಓಡಿಸಲಿಲ್ಲ. ಮರ ಎಣಿಸಿದವನಿಗೆ ಮಾಲೀಕರನ್ನು ಎಣಿಸಲು ಹೊಳೆಯಲಿಲ್ಲ.

2024ರ ಬೇಸಿಗೆಯಲ್ಲಿ ಹೊರವಲಯದ ಬೋರ್‌ವೆಲ್‌ಗಳು ಬತ್ತಿ ಜನ ಟ್ಯಾಂಕರ್ ಹಿಂದೆ ಓಡುತ್ತಿದ್ದಾಗ ಅಕ್ಕನ ಮನೆಯ ಸಂಪ್‌ಗೆ ಕಾವೇರಿ ನೀರು ಬೀಳುತ್ತಿತ್ತು. "ನೋಡಿದೆಯಾ?" ಎಂದು ಫೋನ್ ಮಾಡಿ ಕೊಚ್ಚಿಕೊಂಡೆ. ಮಳೆಗಾಲ ಮುಗಿಯುವ ಹೊತ್ತಿಗೆ ಮಾಲೀಕರು ಬಂದು ಮನೆ ಬಿಡಬೇಕೆಂದರು. ಅವರು ನಾಲ್ಕು ಜನ ಒಡಹುಟ್ಟಿದವರು, ಇಬ್ಬರು ಅಮೆರಿಕದಲ್ಲಿ. ಭಾಗ ಆಗಬೇಕು, ಹಳೇ ಮನೆಯನ್ನು ನಾಲ್ಕು ಹೋಳು ಮಾಡಲಾಗುವುದಿಲ್ಲ, ಬಿಲ್ಡರ್‌ಗೆ ಜಂಟಿ ಅಭಿವೃದ್ಧಿಗೆ ಕೊಟ್ಟಾಗಿದೆ. ಫ್ಲ್ಯಾಟು ಕಟ್ಟಿ ನಿಮಗಿಷ್ಟು ನಮಗಿಷ್ಟು ಎಂಬ ಒಪ್ಪಂದ.

ಹಳೆಯ ಬಡಾವಣೆಯ ನಿಜವಾದ ಲೆಕ್ಕ ನನಗೆ ಅರ್ಥವಾದದ್ದು ಆಗ. ಅಲ್ಲಿ ಬೆಲೆಯಿರುವುದು ನೆಲಕ್ಕೆ. ನಾವು ಮೋಹಿಸುವ ಆ ಕಿಟಕಿ, ಆ ತೊಲೆ, ಆ ಅಂಗಳಕ್ಕೆ ದಸ್ತಾವೇಜಿನಲ್ಲಿ ಹೆಚ್ಚುಕಡಿಮೆ ಸೊನ್ನೆ. ತಂದೆ ತಾಯಿ ಬದುಕಿರುವವರೆಗೆ ಮನೆ ನಿಲ್ಲುತ್ತದೆ, ಆಮೇಲೆ ಮಕ್ಕಳ ಸಹಿ ಒಟ್ಟಾಗುವ ತನಕ. ಆ ಮಧ್ಯದ ಅವಧಿಯಲ್ಲಿ ಮನೆ ಖಾಲಿ ಬಿಡಬಾರದೆಂದು ಯಾರನ್ನಾದರೂ ಇಡುತ್ತಾರೆ. ನನ್ನ ಅಕ್ಕ, ಭಾವ ಆ 'ಯಾರಾದರೂ'. ಮಾಲೀಕರನ್ನು ನಾನು ಬೈಯುವುದಿಲ್ಲ, ಅವರ ಆಸ್ತಿ ಅವರಿಷ್ಟ. ಹಣ ವಾಪಸ್ ಬಂದ ರೀತಿಯ ಬಗ್ಗೆ ಮಾತ್ರ ಅಷ್ಟು ಉದಾರವಾಗಿ ಹೇಳಲಾರೆ. ಬಿಲ್ಡರ್ ಕೊಟ್ಟ ಮೇಲೆ ಇವರು ಕೊಡುವುದು, ಅಣ್ಣ ಒಪ್ಪಿದ ಮೇಲೆ ತಮ್ಮ ಒಪ್ಪುವುದು. ಕಂತುಕಂತಾಗಿ ಬಂತು, ಬಡ್ಡಿಯ ಮಾತಿಲ್ಲ. ಅವಧಿ ಮುಗಿದ ಹನ್ನೊಂದು ತಿಂಗಳ ಕಾಗದ ಹಿಡಿದು ಹೋದಾಗ ವಕೀಲರು ಅದನ್ನು ನೋಡಿ ನಮ್ಮ ಮುಖ ನೋಡಿದರು.

ಅಕ್ಕನೇ ಈ ಸಲ ಮನೆ ಹುಡುಕಿದಳು, ನನಗೆ ಹೇಳದೆ. ವಿಜಯನಗರ, ಹಂಪಿನಗರದ ಕಡೆ, ನೆಲಮಹಡಿ, ತಿಂಗಳ ಬಾಡಿಗೆಗೆ. ಹೊಸದಾಗಿ ಭೋಗ್ಯಕ್ಕೆ ಕೊಡಲು ಕೈಯಲ್ಲಿ ಹಣ ಎಲ್ಲಿತ್ತು? ಮಾಲೀಕ ದಂಪತಿ ಮೊದಲ ಮಹಡಿಯಲ್ಲಿದ್ದಾರೆ. ಕೆಳಗೊಂದು, ಮೇಲೆರಡು ಮನೆ ಕಟ್ಟಿಸಿರುವುದೇ ಬಾಡಿಗೆಗೆ, ಅದೇ ಅವರ ಪಿಂಚಣಿ. ಬಾಡಿಗೆದಾರರು ಬಿಟ್ಟು ಹೋದರೆ ಅವರಿಗೇ ತೊಂದರೆ, ಆದ್ದರಿಂದ ಮೋಟಾರು ಕೆಟ್ಟರೆ ಅವತ್ತೇ ಪ್ಲಂಬರ್ ಬರುತ್ತಾನೆ. ನಾನು ಮೂಗು ಮುರಿದ ಆ ಮೂರಂತಸ್ತಿನ ಹಿಂದಿದ್ದ ವ್ಯವಹಾರ ಇದು. ಭಾವನಿಗೆ ಹಂಪಿನಗರದ ಗ್ರಂಥಾಲಯ ಸಿಕ್ಕಿದೆ, ಬೆಳಿಗ್ಗೆ ಪೇಪರ್ ಓದಲು ಹೋದವರು ಊಟಕ್ಕೆ ಬರುತ್ತಾರೆ. ಮರ ಕಡಿಮೆ, ಗಾಡಿಗಳ ಗದ್ದಲ ಜಾಸ್ತಿ, ಮಧ್ಯಾಹ್ನ ಹಾಲ್‌ನಲ್ಲಿ ಲೈಟು ಹಾಕಬೇಕು. ಅದನ್ನು ನಾನೊಮ್ಮೆ ಎತ್ತಿ ಆಡಿದಾಗ ಅಕ್ಕ ಹೇಳಿದಳು: "ಸಂಪಿಗೆ ಮರ ನೋಡಬೇಕು ಅನ್ನಿಸಿದರೆ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಮುಂದಿನ ಸ್ಟೇಷನ್‌ನಲ್ಲಿ ಇಳೀತೀವಿ. ಲಿಫ್ಟೂ ಇದೆ."

ಮೊನ್ನೆ ಭಾವನ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದ್ದರು. ಬಸವನಗುಡಿಯಲ್ಲಿ ಹಳೇ ಕಾಲದ ಚೆಂದದ ಮನೆಯೊಂದು ಭೋಗ್ಯಕ್ಕಿದೆ, ಗಾಂಧಿ ಬಜಾರ್ ಹತ್ತಿರವೇ, ಏರಿಯಾ ಹೇಗೆ ಎಂದು ಕೇಳಿದರು. ಮಾಲೀಕರು ಅಲ್ಲೇ ಇದ್ದಾರೆಯೇ, ಅಣ್ಣತಮ್ಮಂದಿರು ಅಕ್ಕತಂಗಿಯರು ಎಷ್ಟು ಜನ, ಪತ್ರ ನೋಂದಣಿಗೆ ಒಪ್ಪುತ್ತಾರೆಯೇ, ಮೆಟ್ಟಿಲು ಎಷ್ಟು ಎತ್ತರ ಎಂದು ನಾನು ಒಂದೇ ಉಸಿರಿಗೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಭಾವ, ಅವನನ್ನೊಬ್ಬನನ್ನು ಬಿಟ್ಟು ಯಾರನ್ನಾದರೂ ಕೇಳಿ ಅಂದಿದ್ದರು. ಆದರೂ ಇರಲಿ ಅಂತ ಮಾಡಿದೆ" ಎಂದರು.