ನಿಂತ ಗಾಡಿಯ ಸೋರಿಕೆ

ಮೋಟಾರುಗಾಡಿಯು ಓಡಿದರೆ ಸವೆಯುವುದೆಂಬುದನ್ನು ಎಲ್ಲರೂ ಬಲ್ಲರು. ನಿಂತರೂ ಸವೆಯುವುದೆಂಬುದನ್ನು ಬಲ್ಲವರು ಕಡಮೆ. ಬೀಗ ಹಾಕಿ, ಕೀಲಿಕೈಯನ್ನು ಗೂಟಕ್ಕೆ ತಗುಲಿಸಿ ನಾವು ನಿಶ್ಚಿಂತೆಯಿಂದ ಮಲಗಿರುವಾಗಲೂ ಅದರ ಗಡಿಯಾರ, ಕಳ್ಳರ ಸುಳಿವು ಕಂಡರೆ ಕೂಗುವ ಗಂಟೆ, ರೇಡಿಯೋವಿನ ನೆನಪು, ಯಂತ್ರವನ್ನಾಳುವ ಸಣ್ಣ ಗಣಕಗಳು ಇವೆಲ್ಲವೂ ಬ್ಯಾಟರಿಯಿಂದ ತೊಟ್ಟುತೊಟ್ಟಾಗಿ ವಿದ್ಯುತ್ತನ್ನು ಕುಡಿಯುತ್ತಿರುತ್ತವೆ. ಸುಸ್ಥಿತಿಯಲ್ಲಿರುವ ಗಾಡಿಯಲ್ಲಿ ಈ ವ್ಯಯವು ಸಾಮಾನ್ಯವಾಗಿ 50 ಮಿಲಿ ಆಂಪಿಯರನ್ನು, ಎಂದರೆ ಒಂದು ಆಂಪಿಯರಿನ ಇಪ್ಪತ್ತನೆಯ ಒಂದು ಪಾಲನ್ನು, ಮೀರುವುದಿಲ್ಲ. ಮೀರಿದಾಗ ಕೆಡುವುದು ಬ್ಯಾಟರಿಯೊಂದೇ ಅಲ್ಲವೆಂಬುದನ್ನು ಹೇಳುವುದಕ್ಕಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಮೈಸೂರಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಹನ್ನೆರಡು ವರ್ಷ ಹಳೆಯದಾದ ಸಣ್ಣ ಕಾರೊಂದಿದೆ. ಭಾವನವರಿಗೆ ಎಪ್ಪತ್ತು ದಾಟಿರುವುದರಿಂದ ಅದು ಹೆಚ್ಚಾಗಿ ನಿಂತೇ ಇರುವುದು. ಅಕ್ಕನನ್ನು ಕಣ್ಣಿನ ಚಿಕಿತ್ಸೆಗೆ ಕರೆದೊಯ್ಯುವಾಗ ಮಾತ್ರ ತಪ್ಪದೆ ಬೇಕಾಗುವುದು. ಕಳೆದ ಮಳೆಗಾಲದಲ್ಲಿ ಅದಕ್ಕೊಂದು ವಿಚಿತ್ರ ರೋಗ ತಗುಲಿತು. ಒಂದು ರಾತ್ರಿ ನಿಂತರೆ ಬೆಳಗ್ಗೆ ಹೊರಡುತ್ತಿದ್ದಿತು. ನಾಲ್ಕು ದಿನ ನಿಂತರೆ ಕೀಲಿ ತಿರುಗಿಸಿದಾಗ ಟಕಟಕನೆ ಸದ್ದುಮಾಡಿ ಸುಮ್ಮನಾಗುತ್ತಿದ್ದಿತು. ಆಸ್ಪತ್ರೆಗೆ ಹೋಗಬೇಕಾದ ದಿನವೇ ಹೀಗಾಗಿ ಬಾಡಿಗೆಯ ಗಾಡಿಯನ್ನು ಕರೆಸಬೇಕಾಯಿತು.

ಸಂದೇಹವು ಭಾನುವಾರಗಳಂದು ಗಾಡಿ ತೊಳೆಯಲು ಬರುತ್ತಿದ್ದ ಹುಡುಗನ ಮೇಲೆ ಬಿದ್ದಿತು. ಅವನು ಐ.ಟಿ.ಐ.ಯಲ್ಲಿ ವಿದ್ಯುತ್ತಿನ ಕೆಲಸ ಕಲಿಯುತ್ತಿದ್ದವನು. ಆ ಬೀದಿಯ ಮೂರು ಮನೆಗಳ ಗಾಡಿ ತೊಳೆದು ಬಂದ ಹಣದಲ್ಲಿ ಬಸ್ಸಿನ ಖರ್ಚನ್ನೂ ಪುಸ್ತಕದ ಖರ್ಚನ್ನೂ ನೀಗಿಸಿಕೊಳ್ಳುತ್ತಿದ್ದನು. ಎಂದೋ ಒಮ್ಮೆ ಗಾಡಿಯೊಳಗಿನಿಂದ ಹಾಡು ಕೇಳಿಸಿದ್ದಿತಂತೆ. ಅದೊಂದೇ ಸಾಕ್ಷ್ಯ. "ರೇಡಿಯೋ ಹಾಕಿಕೊಂಡು ಕೂತು ಬ್ಯಾಟರಿ ತಿಂದುಬಿಟ್ಟ" ಎಂದು ಭಾವನವರು ತೀರ್ಮಾನಿಸಿ, ಇನ್ನು ಬರಬೇಡವೆಂದು ಹೇಳಿಕಳುಹಿಸಿದರು. ಮಾತು ಬೀದಿಯಲ್ಲಿ ಹರಡಿ ಉಳಿದೆರಡು ಮನೆಯವರೂ ಅವನನ್ನು ಬಿಡಿಸಿದರು. ಬ್ಯಾಟರಿ ಅಂಗಡಿಯವನು ಬ್ಯಾಟರಿಗೆ ವಯಸ್ಸಾಯಿತೆಂದುದರಿಂದ ಹೊಸದೊಂದನ್ನೂ ಕೊಂಡು ಹಾಕಿಸಿದುದಾಯಿತು. ಐದನೆಯ ದಿನ ಆ ಹೊಸ ಬ್ಯಾಟರಿಯೂ ಮಲಗಿತು. ಹುಡುಗನು ಬೀದಿಗೇ ಬಂದಿರಲಿಲ್ಲ!

ಇಲ್ಲಿ ಬ್ಯಾಟರಿಯ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿಟ್ಟು, ಬರಿದಾದ ಮೇಲೆ ಮತ್ತೆ ತುಂಬಬಹುದಾದ ಬ್ಯಾಟರಿಯನ್ನು 1859ರಲ್ಲಿ ಕಂಡುಹಿಡಿದವನು ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ. ಮೊದಲಲ್ಲಿ ಕಾರುಗಳನ್ನು ಕೈಹಿಡಿಯಿಂದ ತಿರುಗಿಸಿ ಹೊರಡಿಸುತ್ತಿದ್ದರು. ಅಮೆರಿಕದ ಚಾರ್ಲ್ಸ್ ಕೆಟರಿಂಗನ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಿಗೆ ಬಂದಂದಿನಿಂದ ಆ ಶ್ರಮ ತಪ್ಪಿತು. ಗಾಡಿಯ ಪ್ರಾಣ ಬ್ಯಾಟರಿಯ ಕೈಗೆ ಹೋಯಿತು. ಹೊರಡುವ ಆ ಒಂದೆರಡು ಕ್ಷಣಗಳಲ್ಲಿ ಸ್ಟಾರ್ಟರು ನೂರು ಆಂಪಿಯರಿಗೂ ಮೇಲ್ಪಟ್ಟ ಪ್ರವಾಹವನ್ನು ಬೇಡುತ್ತದೆ. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿರುವಾಗ ಸುಮಾರು 12.6 ವೋಲ್ಟು ತೋರಿಸುತ್ತದೆ; 12ಕ್ಕೆ ಇಳಿದರೆ ಅದರಲ್ಲಿ ಕಾಲುಪಾಲು ಉಳಿದಿದೆಯೆಂದು ಸ್ಥೂಲವಾಗಿ ತಿಳಿಯಬೇಕು. ಬರಿದಾಗಿಯೇ ಬಹುಕಾಲ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಹೆಪ್ಪುಗಟ್ಟಿ, ಮತ್ತೆ ತುಂಬಿಸಿದರೂ ಪೂರ್ತಿ ತುಂಬದು.

ಕೊನೆಗೆ ಪರಿಚಿತನಾದ ಒಬ್ಬ ಮೆಕ್ಯಾನಿಕನು ಬಂದನು. ಅವನು ಯಾರ ಮೇಲೆ ಸಂದೇಹವೆಂದು ಕೇಳಲೇ ಇಲ್ಲ. "ಒಂದೊಂದಾಗಿ ತೆಗೆದು ನೋಡೋಣ ಮೇಷ್ಟ್ರೆ, ಅದೇ ಹೇಳ್ತದೆ" ಎಂದು, ಮೊದಲು ಬ್ಯಾಟರಿಯನ್ನು ತುಂಬಿಸಿ ತಂದನು. ಮುಂದಿನ ಮುಚ್ಚಳವನ್ನು ತೆರೆದಿಟ್ಟು, ಚಾಲಕನ ಬಾಗಿಲು ತೆರೆದಿದ್ದರೂ ಮುಚ್ಚಿದೆಯೆಂದು ಗಾಡಿಯು ನಂಬುವಂತೆ ಅದರ ಚಿಲಕವನ್ನು ತಿರುಪುಳಿಯಿಂದ ಒತ್ತಿ ಕೂರಿಸಿದನು. ಬ್ಯಾಟರಿಯ ಋಣ ತುದಿಯ ತಂತಿಯನ್ನು ಬಿಚ್ಚಿ, ತಂತಿಗೂ ತುದಿಗೂ ನಡುವೆ ಆಂಪಿಯರ್ ಅಳೆಯುವ ಮೀಟರನ್ನು ಸೇರಿಸಿದನು. ಹಾಗೆ ಸೇರಿಸಿರುವಾಗ ಗಾಡಿಯನ್ನು ಹೊರಡಿಸಲಾಗಲಿ ದೊಡ್ಡ ದೀಪಗಳನ್ನು ಹಾಕಲಾಗಲಿ ಕೂಡದು. ಮೀಟರಿನ ಫ್ಯೂಸು ಸುಟ್ಟುಹೋಗುತ್ತದೆ. ಬಳಿಕ ಅವನು ಮುಕ್ಕಾಲು ಗಂಟೆ ಸುಮ್ಮನೆ ಕುಳಿತನು. ಗಣಕಗಳು ನಿದ್ರೆಹೋಗುವ ಮುನ್ನ ಅಳೆದರೆ ಎಚ್ಚರದ ಲೆಕ್ಕ ಬರುವುದೇ ಹೊರತು ನಿದ್ರೆಯ ಲೆಕ್ಕ ಬಾರದಷ್ಟೆ.

ಮೀಟರು 0.45 ಆಂಪಿಯರಿನಲ್ಲಿ ನಿಂತಿತು. ದಿನದ ಇಪ್ಪತ್ತನಾಲ್ಕು ಗಂಟೆಗೆ 10.8 ಆಂಪಿಯರ್-ಗಂಟೆ, 35 ಆಂಪಿಯರ್-ಗಂಟೆಯ ಬ್ಯಾಟರಿ ಮೂರು ದಿನ ಚಿಲ್ಲರೆಯಲ್ಲಿ ಬರಿದು. ರೋಗದ ಲಕ್ಷಣಕ್ಕೂ ಲೆಕ್ಕಕ್ಕೂ ತಾಳೆಯಾಯಿತು. ಅನಂತರ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿ ಮತ್ತೆ ಸಿಕ್ಕಿಸುತ್ತ ಹೋದನು. ರೇಡಿಯೋವಿನ ಫ್ಯೂಸನ್ನು ಕಿತ್ತಾಗ ಅಂಕಿ ಹೆಚ್ಚುಕಡಮೆ ಕದಲಲಿಲ್ಲ. ಭಾವನವರು ಕನ್ನಡಕವನ್ನು ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು. ಒಳದೀಪಗಳ ಫ್ಯೂಸನ್ನು ಕಿತ್ತೊಡನೆ ಅಂಕಿ 0.03ಕ್ಕೆ ಬಿದ್ದಿತು, ಸಿಕ್ಕಿಸಿದರೆ ಏರಿತು, ಕಿತ್ತರೆ ಮತ್ತೆ ಬಿದ್ದಿತು.

ತರ್ಕಶಾಸ್ತ್ರವನ್ನು ಓದಿದವರಿಗೆ ಇದು ಹಳೆಯ ಪರಿಚಯ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಹಿಡಿದ ಬಾಲಕನೂ ಅಡುಗೆಮನೆಯ ಹೊಗೆಯನ್ನೂ ಮಡುವಿನ ನೀರನ್ನೂ ಮುಂದಿಟ್ಟುಕೊಂಡು ಅನ್ವಯ-ವ್ಯತಿರೇಕಗಳನ್ನು ಕಲಿಯುತ್ತಾನೆ. ಒಂದಿದ್ದಾಗ ಮತ್ತೊಂದು ಇರಬೇಕು. ಅದಿಲ್ಲದಾಗ ಇದೂ ಇರಬಾರದು. ಎರಡೂ ಕೂಡಿದರೆ ಮಾತ್ರ ಸಂಬಂಧವನ್ನು ಒಪ್ಪಬೇಕು. ಹುಡುಗನಿದ್ದಾಗ ಬ್ಯಾಟರಿ ಬರಿದಾದುದನ್ನು ಮನೆಯವರು ಕಂಡಿದ್ದರು. ಅವನಿಲ್ಲದಾಗಲೂ ಬರಿದಾದುದು ಕಣ್ಣೆದುರಿಗೇ ಇದ್ದರೂ, ಅದನ್ನು ಅವನ ಪರವಾದ ಸಾಕ್ಷ್ಯವೆಂದು ಯಾರೂ ಬರೆದುಕೊಳ್ಳಲಿಲ್ಲ. ಸಂದೇಹಕ್ಕೆ ಅನ್ವಯವೊಂದಿದ್ದರೆ ಸಾಕು, ವ್ಯತಿರೇಕದ ಗೊಡವೆ ಬೇಡ.

ಆ ಫ್ಯೂಸಿಗೆ ಸೇರಿದ ದೀಪಗಳು ಎರಡು. ಚಾವಣಿಯ ದೀಪ ಆರಿದ್ದುದು ಕಣ್ಣಿಗೇ ಕಾಣುತ್ತಿದ್ದಿತು. ಉಳಿದುದು ಹಿಂದಿನ ಡಿಕ್ಕಿಯ ದೀಪ. ಮುಚ್ಚಿದ ಮೇಲೆ ಅದನ್ನು ನೋಡುವವರಾರು? ಮೆಕ್ಯಾನಿಕನು ತನ್ನ ಮೊಬೈಲಿನಲ್ಲಿ ಚಿತ್ರ ತೆಗೆಯುವುದನ್ನು ಆರಂಭಿಸಿ ಅದನ್ನು ಡಿಕ್ಕಿಯೊಳಗಿಟ್ಟು ಮುಚ್ಚಿದನು. ತೆಗೆದು ನೋಡಿದರೆ, ಮುಚ್ಚಿದ ಕತ್ತಲೆಯಲ್ಲಿ ಐದು ವಾಟಿನ ಆ ಪುಟ್ಟ ದೀಪ ನಿರಾತಂಕವಾಗಿ ಬೆಳಗುತ್ತಿದ್ದಿತು! ಮಳೆನೀರು ಇಳಿದು ಬೀಗದೊಳಗಿನ ಸ್ವಿಚ್ಚು ತುಕ್ಕುಹಿಡಿದು ಅಂಟಿಕೊಂಡಿದ್ದಿತು. ಬಲ್ಬನ್ನು ತೆಗೆದು, ಡಿಕ್ಕಿಯನ್ನು ಮುಚ್ಚಿ, ಕಾದು ನೋಡಿದಾಗ ಮೀಟರಿನಲ್ಲಿ 0.03 ಮಾತ್ರ ಉಳಿಯಿತು.

ಆ ಸಂಜೆ ಭಾವನವರು ನನ್ನನ್ನು ಕರೆದುಕೊಂಡು ಹುಡುಗನ ಮನೆಗೆ ನಡೆದೇ ಹೋದರು. ಬಾಗಿಲಲ್ಲಿ ನಿಂತು, "ನಿನ್ನದೇನೂ ತಪ್ಪಿಲ್ಲಪ್ಪ. ಡಿಕ್ಕಿ ದೀಪ ಉರೀತಾ ಇತ್ತು. ನಾನು ಹಾಗೆ ಅನ್ನಬಾರದಾಗಿತ್ತು" ಎಂದರು. ಆ ವಯಸ್ಸಿನಲ್ಲಿ, ಅಷ್ಟು ಕಿರಿಯನೆದುರಿಗೆ, ಆ ಮಾತು ಸುಲಭವಾಗಿ ಬರುವಂಥದಲ್ಲ. ಹುಡುಗನು ತಲೆತಗ್ಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ಆಂಪಿಯರ್ ಎಳೀತಿತ್ತು ಸಾರ್?" ಎಂದು ಕೇಳಿದನು.

ಭಾವನವರು ಅಲ್ಲಿಗೆ ನಿಲ್ಲಿಸಲಿಲ್ಲ. ಕೆಲಸ ತಪ್ಪಿದ ಭಾನುವಾರಗಳ ಹಣವನ್ನು ಎಣಿಸಿ ಅವನ ಕೈಗಿಟ್ಟರು. ಹಿಂದಿರುಗುವಾಗ ಉಳಿದೆರಡು ಮನೆಗಳ ಬಾಗಿಲನ್ನೂ ತಟ್ಟಿ ನಡೆದುದನ್ನು ಹೇಳಿದರು. ಸೋರಿಕೆಯನ್ನು ನಿಲ್ಲಿಸಿದ ಮಾತ್ರಕ್ಕೆ ಬ್ಯಾಟರಿ ತಾನಾಗಿ ತುಂಬುವುದಿಲ್ಲ. ಬರಿದಾದಷ್ಟನ್ನು ಮತ್ತೆ ತುಂಬಿಕೊಡಬೇಕು.