ಬಜ್ಪೆಯಿಂದ ಕಣ್ಣೂರಿಗೆ ಎಷ್ಟು ದೂರ?

ಮಂಗಳೂರು ಪೇಟೆಯಿಂದ ಕಾವೂರು ಕಳೆದು, ಮರವೂರಿನಲ್ಲಿ ಫಲ್ಗುಣಿ ನದಿ ದಾಟಿ, ಕೆಂಜಾರಿನ ಗುಡ್ಡವೇರಿದರೆ ವಿಮಾನ ನಿಲ್ದಾಣ. ಜನರ ಬಾಯಲ್ಲಿ ಇದು ಇಂದಿಗೂ ‘ಬಜ್ಪೆ’. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಇಲ್ಲಿ ಬಂದಿಳಿದರು. ಕರಾವಳಿಯಲ್ಲಿ ಸಮತಟ್ಟಾದ ನೆಲವೆಂದರೆ ಗದ್ದೆ ಮತ್ತು ಜನವಸತಿ. ಆದ್ದರಿಂದ ಮುರಕಲ್ಲಿನ ಪದವನ್ನೇ ಕಡಿದು ಮಟ್ಟಮಾಡಬೇಕಾಯಿತು. 2018ರ ಡಿಸೆಂಬರ್ 9ರಂದು ತೆರೆದ ಕಣ್ಣೂರು ನಿಲ್ದಾಣವೂ ಮಟ್ಟನ್ನೂರು ಬಳಿಯ ಇಂಥದೇ ಗುಡ್ಡದ ಮೇಲಿದೆ. ಎರಡೂ ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದಲ್ಲಿವೆ.

ಇವೆರಡರ ನಡುವಿನ ದೂರವನ್ನು ವಿದ್ಯಾರ್ಥಿಗಳು ಅಟ್ಲಾಸ್ ಹಿಡಿದು ತಾವೇ ಲೆಕ್ಕಹಾಕಬಹುದು. ಬಜ್ಪೆಯ ಅಕ್ಷಾಂಶ 12.96, ರೇಖಾಂಶ 74.89 ಡಿಗ್ರಿ. ಕಣ್ಣೂರು ನಿಲ್ದಾಣದ್ದು 11.92 ಮತ್ತು 75.55. ಉತ್ತರ-ದಕ್ಷಿಣದ ಅಂತರ ಸುಮಾರು 115 ಕಿ.ಮೀ., ಪೂರ್ವ-ಪಶ್ಚಿಮದ್ದು 72 ಕಿ.ಮೀ. ಪೈಥಾಗೊರಸನ ಪ್ರಮೇಯದಂತೆ ನೇರ ದೂರ ಸುಮಾರು 136 ಕಿ.ಮೀ. ಗಂಟೆಗೆ 500 ಕಿ.ಮೀ. ವೇಗದ ಪ್ರೊಪೆಲ್ಲರ್ ವಿಮಾನಕ್ಕೆ ಇದು ಹದಿನಾರು ನಿಮಿಷದ ದಾರಿ. ಏರುವ, ಇಳಿಯುವ ಹೊತ್ತನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು.

ನೆಲದ ಲೆಕ್ಕವೇ ಬೇರೆ. ನೇತ್ರಾವತಿ, ಚಂದ್ರಗಿರಿ, ವಳಪಟ್ಟಣಂ ಹೊಳೆಗಳನ್ನು ಸೇತುವೆ ಇರುವಲ್ಲೇ ದಾಟಬೇಕು. ಉಳ್ಳಾಲ, ಮಂಜೇಶ್ವರ, ಕಾಸರಗೋಡು, ಪಯ್ಯನ್ನೂರುಗಳ ವಾಹನ ಸಂದಣಿ ಬೇರೆ. ದಾರಿ 170 ಕಿ.ಮೀ.ಗೂ ಹೆಚ್ಚು. ಸರಾಸರಿ ವೇಗ ಗಂಟೆಗೆ 40 ಕಿ.ಮೀ. ಎಂದಿಟ್ಟುಕೊಂಡರೂ ನಾಲ್ಕು ಗಂಟೆ ಮೀರುತ್ತದೆ. ರೈಲು ಬೇಗ ತಲುಪಿಸೀತು. ಆದರೆ ಅದು ಓಡುವುದು ಪೇಟೆಯಿಂದ ಪೇಟೆಗೆ, ಗುಡ್ಡದಿಂದ ಗುಡ್ಡಕ್ಕಲ್ಲ.

ಮಳೆಗಾಲದಲ್ಲಿ ಈ ವ್ಯತ್ಯಾಸದ ಬಿಸಿ ನೇರವಾಗಿ ತಟ್ಟುತ್ತದೆ. ಬಜ್ಪೆಯ ಗುಡ್ಡಕ್ಕೆ ಮೋಡ ಕವಿದು ರನ್‌ವೇ ಕಾಣದಿದ್ದರೆ ವಿಮಾನ ಸ್ವಲ್ಪ ಹೊತ್ತು ಸುತ್ತು ಹಾಕಿ, ಕಣ್ಣೂರಿಗೋ ಬೆಂಗಳೂರಿಗೋ ಕೊಚ್ಚಿಗೋ ತಿರುಗುತ್ತದೆ. ಬದಲಿ ನಿಲ್ದಾಣ ತಲುಪುವಷ್ಟು ಇಂಧನ ಮೊದಲೇ ತುಂಬಿಸಿಕೊಂಡಿರಬೇಕೆಂಬುದು ನಿಯಮ. ಪೈಲಟ್‌ಗೆ ಅದು ಕೆಲವು ನಿಮಿಷಗಳ ಪ್ರಯಾಣ. ಬಜ್ಪೆಯ ಬಾಗಿಲಲ್ಲಿ ಕಾದು ನಿಂತ ತಂದೆತಾಯಿಗೆ ಅರ್ಧ ದಿನ. ಬೆಳಿಗ್ಗೆ ಪ್ರವೇಶ ಪರೀಕ್ಷೆಯಿರುವ ಮಗಳಿಗೋ, ಒಂದು ವರ್ಷವೇ ಕೈತಪ್ಪಬಹುದು.

ಹಾಗೆಂದು ಪೈಲಟನ್ನು ಶಪಿಸುವುದು ತರವಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ಮೀರಿ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಮಂದಿಯಲ್ಲಿ ಬದುಕಿ ಬಂದವರು ಎಂಟೇ ಜನ. ಅಂದು ಮಳೆಯಿರಲಿಲ್ಲ. ಇಳಿಯುವ ಕ್ರಮ ಹದ ತಪ್ಪಿದ್ದರೂ ಕ್ಯಾಪ್ಟನ್ ಅದನ್ನು ಕೈಬಿಡಲಿಲ್ಲವೆಂದು ತನಿಖೆ ಹೇಳಿತು. ಇಳಿಯದೆ ಮೇಲೇರುವುದು, ಬೇರೆಡೆಗೆ ತಿರುಗುವುದು ಹೆದರಿಕೆಯ ಲಕ್ಷಣವಲ್ಲ, ವಿವೇಕ. ಬಜ್ಪೆಯ ಮುಖ್ಯ ರನ್‌ವೇ 2450 ಮೀಟರ್, ಕಣ್ಣೂರಿನದು 3050. ಈ ಅಂತರವೂ ಅವರಿಗೆ ಗೊತ್ತಿರುತ್ತದೆ.

ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪರೀಕ್ಷೆಗೋ ಸಂದರ್ಶನಕ್ಕೋ ಹೊರಡುವವರು ಟಿಕೆಟಿನಲ್ಲಿರುವ ಸಮಯವನ್ನಷ್ಟೇ ನಂಬಬಾರದು. ಒಂದು ದಿನ ಮುಂಚೆ ತಲುಪುವಂತೆ ಹೊರಡುವುದು ಲೇಸು. ಒಂದು ರಾತ್ರಿಯ ತಂಗುವ ಖರ್ಚು ಒಂದು ವರ್ಷದ ನಷ್ಟಕ್ಕಿಂತ ಬಹಳ ಕಡಿಮೆ.